ಏರು ಕಂಡರೆ ನಿಲ್ಲುವ ಲಾರಿ

ಮನುಷ್ಯನಿಗೆ ಕಾಯಿಲೆ ಬಂದರೆ ಜನ ಸ್ವಲ್ಪ ಅಂಜಿಕೊಂಡು ಮಾತಾಡುತ್ತಾರೆ. "ಯಾವುದಕ್ಕೂ ದೊಡ್ಡಾಸ್ಪತ್ರೆಗೆ ತೋರಿಸಿಬಿಡಿ" ಎಂದು ಮೆಲ್ಲಗೆ ಜಾರಿಕೊಳ್ಳುತ್ತಾರೆ. ಹಳೇ ಲಾರಿಗೆ ಕಾಯಿಲೆ ಬಂದರೆ ಹಾಗಲ್ಲ. ಜನ್ಮದಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯದವನೂ ಇಂಜಿನ್ನಿನ ಒಳಗೆ ತಲೆ ತೂರಿಸಿ, ಎರಡು ವೈರು ಅಲ್ಲಾಡಿಸಿ, "ಇದು ಅದೇ" ಎನ್ನುತ್ತಾನೆ. ಒಬ್ಬ ಬಂಕಿನವರು ಡೀಸೆಲ್ಲಿಗೆ ನೀರು ಬೆರೆಸಿದ್ದಾರೆ ಎಂದ. ಇನ್ನೊಬ್ಬ ದೃಷ್ಟಿಯಾಗಿದೆ ಎಂದ. ಈ ಲಾರಿಗೆ ದೃಷ್ಟಿ ಹಾಕುವಷ್ಟು ದರಿದ್ರ ಯಾರಿಗೆ ಬಂದಿದೆಯಪ್ಪಾ ಎಂದು ಕೇಳಬೇಕೆನಿಸಿತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ನಿಂತ ಗಾಡಿಯ ಯಜಮಾನ ಕೋಪ ಮಾಡಿಕೊಳ್ಳುವ ಹಾಗಿಲ್ಲ, ತಳ್ಳುವುದಕ್ಕೆ ಅದೇ ಜನ ಬೇಕು.

ನನ್ನದು ಇಬ್ಬರ ಕೈ ದಾಟಿ ಬಂದ ಚಿಕ್ಕ ಲಾರಿ. ಸಾಸಲು ಕಡೆಯ ನಮ್ಮೂರಿನಲ್ಲಿ ಸೇವಂತಿಗೆ ಮೂಟೆಗಳನ್ನು ತುಂಬಿಕೊಂಡು ಬೆಳಗಿನ ಜಾವ ಹೊರಟು, ಬಿಸಿಲೇರುವ ಮೊದಲು ಬೆಂಗಳೂರಿನ ಹೂವಿನ ಮಾರ್ಕೆಟ್ಟಿಗೆ ಮುಟ್ಟಿಸುವುದು ನನ್ನ ಕಸುಬು. ಸಮತಟ್ಟು ರಸ್ತೆಯಲ್ಲಿ ಲಾರಿ ಚೆನ್ನಾಗಿಯೇ ಓಡುತ್ತಿತ್ತು. ಏರು ಬಂದರೆ ಸಾಕು, ಎರಡು ಸಲ ಬಿಕ್ಕಿ, ನಡುಗಿ, ನಿಂತುಬಿಡುತ್ತಿತ್ತು. ನಾನು ಮನೆಗೆ ಫೋನು ಮಾಡಿ ಕೂಗಾಡಿ ಮುಗಿಸುವಷ್ಟು ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಏರಿಗೊಂದು ಸಲ ಹೀಗೆ ನಿಂತು ಮುಟ್ಟುವಷ್ಟರಲ್ಲಿ ಮಾರ್ಕೆಟ್ಟಿನಲ್ಲಿ ಒಳ್ಳೆಯ ವ್ಯಾಪಾರ ಮುಗಿದು, ನನ್ನ ಹೂವು ಬಾಡಿ, ಕೇಳುವವರು ಇರುತ್ತಿರಲಿಲ್ಲ.

ಊರಿನ ಹೂವಿನವರ ಪರವಾಗಿ ಮಾತಾಡುವವರು ಜಯಮ್ಮ. ಅವರೂ ಸೇವಂತಿಗೆ ಬೆಳೆಯುವವರೇ. ಒಂದು ದಿನ ನಮ್ಮ ಜಗಲಿಯ ಮೇಲೆ ಕೂತು, ಕಾಫಿ ಕುಡಿದು ಮುಗಿಸಿ, ಲೋಟ ಕೆಳಗಿಟ್ಟ ಮೇಲೆ ಹೇಳಿದರು: "ನಾಗರಾಜಪ್ಪ, ನಿನ್ ಲಾರೀಲಿ ಹೋಗೋ ಹೂವು ದೇವ್ರಿಗೆ ಏರಲ್ಲ ಕಣಪ್ಪ, ಹೆಣಕ್ಕೆ ಹಾಕಕ್ಕೆ ತಗೊಳ್ತಾರೆ. ಇನ್ನೊಂದ್ ಸಲ ನಿಂತ್ರೆ ಬೇರೆ ಗಾಡಿ ಮಾಡ್ಕೋತೀವಿ. ಬೇಜಾರ್ ಮಾಡ್ಕೋಬೇಡ." ಬೇಜಾರು ಮಾಡಿಕೊಳ್ಳುವುದಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ಹೂವು ಹೋದರೆ ನನಗೆ ಬೇರೆ ಬಾಡಿಗೆ ಇಲ್ಲ, ಬೇರೆ ಕಸುಬೂ ಬಾರದು. ಹಿಂದೆ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸಕ್ಕೆ ಸೇರಿದ್ದೆ. ನಾನು ನೇಯ್ದದ್ದನ್ನು ನೋಡಿ ಮಾಲೀಕರೇ ನನಗೆ ಕೈಮುಗಿದಿದ್ದರು.

ದೊಡ್ಡಬಳ್ಳಾಪುರದ ಮೆಕ್ಯಾನಿಕ್ ಮುನಿರಾಜು ಲಾರಿಯ ಸುತ್ತ ಒಂದು ಪ್ರದಕ್ಷಿಣೆ ಬಂದು ತೀರ್ಪು ಕೊಟ್ಟ. "ಗುರು, ಇದು ಪ್ರೆಷರ್ ಕೇಸು. ಟ್ಯಾಂಕಿಂದ ಇಂಜಿನ್‌ಗೆ ಡೀಸೆಲ್ ಬರೋ ಒತ್ತಡ ಸಾಲ್ತಿಲ್ಲ. ಫಿಲ್ಟರ್ ಕಟ್ಕೊಂಡಿದೆ." ಫಿಲ್ಟರ್ ಬದಲಾಯಿಸಿದ. ಗಾಡಿ ನಿಂತಿತು. ಹಾಗಾದರೆ ಡೀಸೆಲ್ ಎಳೆಯುವ ಪಂಪೇ ಹೋಗಿದೆ ಎಂದು ಅದನ್ನೂ ಬದಲಾಯಿಸಿದ. ಮೊದಲು ಏರಿನ ತುದಿಯಲ್ಲಿ ನಿಲ್ಲುತ್ತಿದ್ದದ್ದು ಈಗ ಏರಿನ ಬುಡದಲ್ಲೇ ನಿಂತಿತು. ಕೊನೆಗೆ ಒತ್ತಡ ಅಳೆಯುವ ಮೀಟರ್ ತಂದು ಸಿಕ್ಕಿಸಿದರೆ, ಗ್ಯಾರೇಜಿನಲ್ಲಿ ಮುಳ್ಳು ಎಲ್ಲಿರಬೇಕೋ ಅಲ್ಲೇ ಕೂತಿತ್ತು. ಮುನಿರಾಜು ಮೀಟರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ನೀನ್ ಓಡ್ಸೋದ್ರಲ್ಲೇ ಏನೋ ಐತೆ ಗುರು" ಎಂದ. ಸ್ಪ್ಯಾನರ್ ಇದ್ದದ್ದು ಅವನ ಕೈಯಲ್ಲಿ, ಅದಕ್ಕೆ ದುಡ್ಡು ಎಣಿಸಿ ಕೊಟ್ಟೆ.

ಪ್ರತಿ ರಿಪೇರಿಯ ನಂತರವೂ ನಾನು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಜಂಬ ಕೊಚ್ಚುತ್ತಿದ್ದೆ: "ಅಮ್ಮ, ಇನ್ಮೇಲೆ ನೋಡು, ಗಾಳೀಲಿ ಹೋದಂಗೆ ಹೋಗುತ್ತೆ!" ಅಮ್ಮ ಅಷ್ಟು ಕೇಳಿ ಒಳಗೆ ಹೋಗುತ್ತಿದ್ದಳು. ಅವಳಿಗೆ ಲಾರಿ ಎಂದರೆ ಆಗದು. ಅಪ್ಪ ಲಾರಿ ಡ್ರೈವರ್ ಆಗಿದ್ದರು. ಹೋಗುವಾಗ ಸ್ಟಿಯರಿಂಗ್ ಹಿಡಿದುಕೊಂಡು ಹೋದವರು ವಾಪಸು ಬಂದದ್ದು ಬೇರೆಯವರ ಲಾರಿಯಲ್ಲಿ, ಹಿಂದುಗಡೆ, ಚಾಪೆ ಸುತ್ತಿಕೊಂಡು. ನಾನು ಲಾರಿ ತಂದ ದಿನ ಅಮ್ಮ ಜಗಳವಾಡಲಿಲ್ಲ, ಅಳಲಿಲ್ಲ. ಪೂಜೆ ಮಾಡಿ, ಕುಂಬಳಕಾಯಿ ಒಡೆಸಿ, ಕೀಗಳು ಎಷ್ಟು, ಯಾವುದು ಯಾವುದಕ್ಕೆ ಎಂದು ಮಾತ್ರ ವಿಚಾರಿಸಿದಳು.

ಮೀಟರಿಗೆ ಸಿಗದ ಕಳ್ಳನನ್ನು ರಸ್ತೆಯಲ್ಲೇ ಹಿಡಿಯಬೇಕೆಂದು, ಹೂವಿಲ್ಲದ ದಿನ ನೋಡಿ, ಇಟ್ಟಿಗೆ ತುಂಬಿಕೊಂಡು ಮುನಿರಾಜುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ರಾಜಘಟ್ಟದ ಹತ್ತಿರದ ಏರಿನಲ್ಲಿ ಲಾರಿ ಬಿಕ್ಕಿತು, ನಡುಗಿತು, ನಿಂತಿತು. ಮುನಿರಾಜು ಹಾರಿ ಇಳಿದು ಡೀಸೆಲ್ ಪೈಪು ಬಿಚ್ಚಿ, ಕೈಪಂಪು ಒತ್ತಿದ. ಒಂದು ತೊಟ್ಟು ಬರಲಿಲ್ಲ. ಆಮೇಲೆ ಪೈಪಿಗೆ ಬಾಯಿ ಹಚ್ಚಿ ಟ್ಯಾಂಕಿನ ಕಡೆಗೆ ಕೆನ್ನೆ ಉಬ್ಬಿಸಿ ಊದಿದ. ಒಳಗೆ ಗುಳುಗುಳು ಎಂದಿತು. ಮತ್ತೆ ಪಂಪು ಒತ್ತಿದರೆ ಡೀಸೆಲ್ ಧಾರಾಳವಾಗಿ ಬಂತು.

"ಥೂ!" ಎಂದು ಉಗಿದು ಹೇಳಿದ: "ಫಿಲ್ಟರೂ ಅಲ್ಲ, ಪಂಪೂ ಅಲ್ಲ ಗುರು. ಟ್ಯಾಂಕಲ್ಲಿ ಏನೋ ಐತೆ. ಇಂಜಿನ್ ಜೋರಾಗಿ ಎಳೆದಾಗ ಬಂದು ಪೈಪಿನ ಬಾಯಿಗೆ ಅಂಟ್ಕೊಳ್ತದೆ, ಆಫ್ ಆದ್ರೆ ಬಿಟ್ಕೊಳ್ತದೆ."

ಗ್ಯಾರೇಜಿಗೆ ತಂದು ಟ್ಯಾಂಕು ಇಳಿಸಿ ಬಗ್ಗಿಸಿದೆವು. ಡೀಸೆಲ್ಲಿನ ಜೊತೆ ಮೂರು ಬಟ್ಟೆಯ ಗಂಟುಗಳು ಬಂದವು. ಬಿಚ್ಚುವ ಮೊದಲೇ ನನಗೆ ಗೊತ್ತಾಯಿತು, ಮುಡಿಪು. ಹರಕೆ ಹೊತ್ತವರು ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ, ಹರಕೆ ತೀರುವ ತನಕ ಯಾರ ಕೈಗೂ ಸಿಗದ ಕಡೆ ಇಡುವ ಗಂಟು. ಬಟ್ಟೆಗಿದ್ದ ಅಂಚನ್ನೂ ಗುರುತು ಹಿಡಿದೆ. ಅಪ್ಪನ ಪಂಚೆಯದು. ಟ್ಯಾಂಕಿನ ಬಾಯಲ್ಲಿ ಇರಬೇಕಾದ ಜಾಲರಿಯನ್ನು ಹಿಂದಿನ ಯಾವ ಪುಣ್ಯಾತ್ಮ ಕಿತ್ತಿದ್ದನೋ, ಗಂಟುಗಳು ಸಲೀಸಾಗಿ ಇಳಿದಿದ್ದವು. ಮುನಿರಾಜು ನಗಲು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿಕೊಂಡ.

ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಮನೆಗೆ ಬಂದೆ.

"ಡೀಸೆಲ್ ಟ್ಯಾಂಕಲ್ಲಿ ಯಾರಾದ್ರೂ ಮುಡಿಪು ಇಡ್ತಾರೇನಮ್ಮಾ?"

"ಅಯ್ಯೋ, ಯಾಕಪ್ಪಾ ತೆಗೆದೆ?" ಎಂದು ಅಮ್ಮ ನನ್ನನ್ನೇ ಗದರಿದಳು. "ಮನೇಲಿಟ್ರೆ ಅದಿಲ್ಲಿ, ನೀನೆಲ್ಲೋ. ಸೀಟಿನತ್ರ ಇಟ್ರೆ ಕಂಡೋರೆಲ್ಲ ಮುಟ್ತಾರೆ, ನೀನೇ ಕೋಳಿ ತಿಂದ ಕೈಲಿ ಮುಟ್ತೀಯ. ಆ ಗಾಡೀಲಿ ಬೀಗ ಇರೋ ಜಾಗ ಅದೊಂದೇ ಅಲ್ವಾ?"

"ಸರಿ, ಒಂದು ಸಾಲ್ದಾ? ಮೂರ್ಯಾಕೆ?"

"ನೀನು ಪ್ರತೀ ಸಲ ಬಂದು ಇನ್ಮೇಲೆ ಗಾಳೀಲಿ ಹೋಗುತ್ತೆ ಅಂತಿದ್ದೆ. ನಂಗೆ ಜೀವ ಹೋಗೋದು. ಇನ್ನೊಂದು ಕಟ್ಟಿ ಹಾಕ್ತಿದ್ದೆ. ನಿಮ್ಮಪ್ಪನೂ ಹಂಗೇ ಅಂತಿದ್ರು ಕಣಪ್ಪಾ."

ಜೋಡಿಸಿಕೊಂಡು ಬಂದ ಬೈಗುಳದಲ್ಲಿ ಒಂದೂ ಖರ್ಚಾಗಲಿಲ್ಲ. ಮೂರೂ ಗಂಟುಗಳನ್ನು ಸೋಪಿನಲ್ಲಿ ತೊಳೆದು ದೇವರ ಗೂಡಿನಲ್ಲಿಟ್ಟೆ. ಇಡೀ ಮನೆ ಈಗಲೂ ಡೀಸೆಲ್ ವಾಸನೆ ಹೊಡೆಯುತ್ತದೆ.

ಲಾರಿ ಆಮೇಲೆ ಒಮ್ಮೆಯೂ ನಿಲ್ಲಲಿಲ್ಲ. ಜಯಮ್ಮ ಬೇರೆ ಗಾಡಿಯ ಮಾತೆತ್ತಲಿಲ್ಲ. ಆದರೆ ಅಮ್ಮ ಸೊರಗತೊಡಗಿದಳು. "ನೀವು ವಾಪಸು ಬರೋ ತನಕ ಅತ್ತೆ ಒಂದು ಲೋಟ ಕಾಫೀನೂ ಮುಟ್ಟಲ್ಲ" ಎಂದು ನನ್ನ ಹೆಂಡತಿ ಹೇಳಿದಳು. ಅಮ್ಮನನ್ನೇ ಕೇಳಿದೆ.

"ಮುಂಚೆ ಗಾಡಿ ನಿಂತಾಗೆಲ್ಲ ನೀನು ಫೋನ್ ಮಾಡಿ ಕೂಗಾಡ್ತಿದ್ದೆ" ಎಂದಳು. "ನನ್ಮಗ ರಸ್ತೆ ಪಕ್ಕ ನಿಂತವ್ನೆ, ಜೀವಂತವಾಗವ್ನೆ ಅಂತ ಗೊತ್ತಾಗೋದು. ಈಗ ಫೋನೇ ಇಲ್ಲ."

ಸುಮ್ಮನೆ ಫೋನು ಮಾಡಿ "ಚೆನ್ನಾಗಿದೀನಿ" ಎಂದರೆ ಅವಳು ನಂಬುವುದಿಲ್ಲ. ಚೆನ್ನಾಗಿದ್ದವರು ಯಾಕೆ ಫೋನು ಮಾಡುತ್ತಾರೆ ಎಂದು ಇನ್ನಷ್ಟು ಹೆದರುತ್ತಾಳೆ. ಅದಕ್ಕೇ ಈಗ ದಿನಾ ಆ ಏರಿನಲ್ಲಿ, ಗಟ್ಟಿಮುಟ್ಟಾದ ಲಾರಿಯನ್ನು ಪಕ್ಕಕ್ಕೆ ಹಾಕಿ, ಹಿಂದೆ ಹೂವಿನ ಮೂಟೆ ಕಾಯುತ್ತಿರುವಾಗ, ಫೋನು ಮಾಡಿ ಕೂಗಾಡುತ್ತೇನೆ: "ಅಮ್ಮ, ಈ ದರಿದ್ರದ್ದು ಮತ್ತೆ ನಿಂತೋಯ್ತು! ಪ್ರೆಷರೇ ಇಲ್ಲ!" ಅಮ್ಮ "ಹೌದಾ? ನಿಧಾನಕ್ಕೆ ನೋಡ್ಕೊಂಡ್ ಬಾ" ಎಂದು ಕಾಫಿ ಕುಡಿಯಲು ಹೋಗುತ್ತಾಳೆ. ಇಷ್ಟು ಚೆನ್ನಾಗಿ ಸುಳ್ಳು ಹೇಳುವುದು ನನಗೆ ಎಲ್ಲಿಂದ ಬಂತೆಂದು ನನಗೇ ಹೆಮ್ಮೆಯಾಗುತ್ತಿತ್ತು. ನಿನ್ನೆಯೂ ಹಾಗೇ ಕೂಗಾಡಿ ಫೋನು ಇಡುವಷ್ಟರಲ್ಲಿ ಅಮ್ಮ ಹೇಳಿದಳು:

"ಇನ್ಮೇಲೆ ಇಂಜಿನ್ ಆಫ್ ಮಾಡ್ಬಿಟ್ಟು ಹೇಳಪ್ಪಾ. ದಿನಾ ಇಷ್ಟೊತ್ತು ಸುಮ್ನೆ ಡೀಸೆಲ್ ಉರೀತದೆ."