ಉದ್ಯಾವರದಲ್ಲಿ ನಿಂತ ಕಾರು

ಕಾರು ಇಟ್ಟುಕೊಂಡವನಿಗೆ ಅಹಂಕಾರ ಬರುತ್ತದೆ ಎನ್ನುತ್ತಾರೆ. ಹಳೆಯ ಕಾರು ಇಟ್ಟುಕೊಂಡವನಿಗೆ ಅದರ ಜೊತೆಗೆ ಇನ್ನೊಂದು ಕಾಯಿಲೆಯೂ ಬರುತ್ತದೆ. ಹತ್ತು ಸಲ ಕೈಕೊಟ್ಟದ್ದು ಹನ್ನೊಂದನೆಯ ಸಲ ಕೈಕೊಡಲಾರದು ಎಂಬ ನಂಬಿಕೆ. ನನಗೆ ಎರಡೂ ಇದ್ದವು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಾಪುವಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಶಿರ್ವದ ಮುದಿ ಡಾಕ್ಟರರೊಬ್ಬರು ಕಣ್ಣು ಮಂಜಾದ ಮೇಲೆ ತಮ್ಮ ಕಾರನ್ನು ನನಗೆ ದಾಟಿಸಿದರು. ಬ್ರಿಟಿಷರ ಕಾಲದ್ದು, ಕಪ್ಪು ಬಣ್ಣ, ಉಬ್ಬಿದ ಬೆನ್ನು. ನಮ್ಮ ಓಣಿಗೆ ಅದೊಂದೇ ಕಾರು. ಮದುಮಗ, ಬಸುರಿ ಹೆಂಗಸು ಎಲ್ಲರೂ ಅದರಲ್ಲಿ ಕೂತವರೇ. ಜನ ಬಂದು ಕೇಳುವುದು ನನಗೆ ಬೇಸರವಾಗಿತ್ತೆಂದು ಸುಳ್ಳು ಹೇಳಲಾರೆ.

ಎರಡನೆಯ ಮಳೆಗಾಲ ಹಿಡಿದದ್ದೇ ಹೊಸ ರೋಗ ಶುರುವಾಯಿತು. ಐದಾರು ಮೈಲಿ ಚೆನ್ನಾಗಿ ಓಡುವುದು, ಆಮೇಲೆ ಕೆಮ್ಮಿ ಕೆಮ್ಮಿ ನಿಲ್ಲುವುದು. ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿದ್ದರೂ ಕಾರ್ಬುರೇಟರಿಗೆ ಒಂದು ಹನಿ ಪೆಟ್ರೋಲ್ ಬರುತ್ತಿರಲಿಲ್ಲ. ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಏನೂ ಆಗದವರ ಹಾಗೆ ಮತ್ತೆ ಸ್ಟಾರ್ಟ್. ಕಾರ್ಕಳದ ಗೊಮ್ಮಟನನ್ನು ನೋಡಲು ಹೋದಾಗ ದಾರಿಯಲ್ಲಿ ಮೂರು ಕಡೆ ನಿಂತಿತು. "ನಡ್ಕೊಂಡು ಬಂದಿದ್ರೆ ಪುಣ್ಯವಾದ್ರೂ ಬರ್ತಿತ್ತು" ಎಂದಳು ಹೆಂಡತಿ.

ಪೇಟೆಯ ಮೆಕ್ಯಾನಿಕ್ ಇದಿನಬ್ಬ ಪಂಪಿನ ಡಯಾಫ್ರಂ ಬದಲಿಸಿದ, ಪೈಪಿಗೆ ಬಾಯಿಟ್ಟು ಊದಿದ, ಕಾರ್ಬುರೇಟರನ್ನು ಮೂರು ಸಲ ಬಿಚ್ಚಿ ತೊಳೆದ. ಕೊನೆಗೆ ಕೈ ಒರೆಸಿಕೊಂಡು, "ಎಂತದೂ ಇಲ್ಲ ಮಾಷ್ಟ್ರೇ. ಪ್ರಾಯ ಆಯ್ತಲ್ವಾ, ದಮ್ಮು ಕಟ್ತದೆ. ದೂರ ಮಾತ್ರ ಹೋಗ್ಬೇಡಿ" ಎಂದ.

ಕಾರು ಮನೆಯ ಮುಂದೆ ಸ್ಟಾರ್ಟ್ ಆಗದೆ ನಿಂತಾಗಲೆಲ್ಲ ತಳ್ಳಲು ಬರುತ್ತಿದ್ದವರು ನೆರೆಮನೆಯ ಶೀನಣ್ಣ. ಮೀನುಗಾರರು, ಗಟ್ಟಿ ತೋಳು. "ದೋಣಿಯನ್ನೂ ಹೀಗೇ ತಳ್ಳುದು ಮಾಷ್ಟ್ರೇ. ಆದ್ರೆ ಅದು ಮೀನು ತರ್ತದೆ" ಎಂದು ನಗುತ್ತಿದ್ದರು.

ಒಂದು ಬೆಳಿಗ್ಗೆ ಅವರ ಹೆಂಡತಿ ಗಿರಿಜಕ್ಕ ಓಡಿಬಂದರು. "ಇವರಿಗೆ ಎದೆನೋವು ಮಾಷ್ಟ್ರೇ. ಗ್ಯಾಸ್ ಅಂತ ಕಷಾಯ ಕೊಟ್ಟೆ, ಕಡಿಮೆ ಆಗ್ಲಿಲ್ಲ." ಶೀನಣ್ಣನ ಮೈಯೆಲ್ಲ ಬೆವರು. ಇಬ್ಬರನ್ನೂ ಹಿಂದೆ ಕೂರಿಸಿಕೊಂಡು ಮಣಿಪಾಲಕ್ಕೆ ಹೊರಟೆ. ಇದಿನಬ್ಬ ಹೇಳಿದ್ದು ನೆನಪಿತ್ತು. ಆದರೆ ಓಣಿಯವರೆಲ್ಲ ನಿಂತು ನೋಡುತ್ತಿದ್ದರು.

ಉದ್ಯಾವರದ ಸೇತುವೆ ದಾಟಿದ್ದೇ ಕಾರು ಕೆಮ್ಮಿತು, ನಿಂತಿತು. ನಾನು ಬಾನೆಟ್ ಎತ್ತಿ ಕಾರ್ಬುರೇಟರಿಗೆ ತಟ್ಟಿದೆ, ಪೈಪ್ ಕಳಚಿ ಊದಿದೆ. ಹಿಂದಿನಿಂದ ಉಡುಪಿಯ ಬಸ್ಸೊಂದು ಬಂದು ನಿಧಾನಿಸಿತು. "ಎಂತ ಮಾಷ್ಟ್ರೇ, ಯಾರಿಗಾದ್ರೂ ಹುಷಾರಿಲ್ವಾ? ಹತ್ತಿಸಿ" ಎಂದು ಕಂಡಕ್ಟರ್ ಕೂಗಿದ.

"ಬೇಡ, ಈಗ ಸ್ಟಾರ್ಟ್ ಆಗ್ತದೆ" ಎಂದೆ. ಬಸ್ಸು ಹೋಯಿತು.

ಹಿಂದಿನ ಬಾಗಿಲು ಅರ್ಧ ತೆರೆಯಿತು. ಶೀನಣ್ಣ ಒಂದು ಕಾಲು ಹೊರಗಿಟ್ಟು, ಉಸಿರು ಎಳೆದುಕೊಂಡು ಕೇಳಿದರು: "ಮಾಷ್ಟ್ರೇ, ನಾನು ಸ್ವಲ್ಪ ತಳ್ಳಲಾ?"

ಅದನ್ನು ಅವರು ತಮಾಷೆಗೆ ಹೇಳಿದ್ದಲ್ಲ. ಗಿರಿಜಕ್ಕ ಅವರ ಕಾಲನ್ನು ಎತ್ತಿ ಒಳಗಿಟ್ಟರು. ಇಪ್ಪತ್ತು ನಿಮಿಷವಾದ ಮೇಲೆ ಮಲ್ಪೆಗೆ ಹೋಗುತ್ತಿದ್ದ ಖಾಲಿ ಮೀನಿನ ಲಾರಿಗೆ ನಾನೇ ಅಡ್ಡ ನಿಂತೆ. ವಾಸನೆಯ ಪೆಟ್ಟಿಗೆಗಳ ನಡುವೆ ಅವರನ್ನು ಮಲಗಿಸಿಕೊಂಡು ಮಣಿಪಾಲಕ್ಕೆ ಮುಟ್ಟಿದೆವು. ಮಧ್ಯಾಹ್ನದೊಳಗೆ ಶೀನಣ್ಣ ಹೋಗಿಬಿಟ್ಟರು.

"ಸ್ವಲ್ಪ ಬೇಗ ತರಬೇಕಿತ್ತು" ಎಂದರು ಡಾಕ್ಟರು. ನಾನು ಬಾಯಿ ತೆರೆಯುವ ಮೊದಲೇ ಗಿರಿಜಕ್ಕ, "ನನ್ನದೇ ತಪ್ಪು ಡಾಕ್ಟ್ರೇ. ಕಷಾಯ ಕೊಡ್ತಾ ಕೂತೆ" ಎಂದರು. ನಾನು ಬಾಯಿ ಮುಚ್ಚಿಕೊಂಡೆ.

ಮರುದಿನ ಉದ್ಯಾವರದಲ್ಲೇ ಬಿಟ್ಟಿದ್ದ ಕಾರನ್ನು ಇದಿನಬ್ಬನಲ್ಲಿಗೆ ಒಯ್ದೆ. ಅಂಗಡಿಗೆ ಮುಟ್ಟುವ ಹೊತ್ತಿಗೆ ಮತ್ತೆ ಕೆಮ್ಮತೊಡಗಿತ್ತು. ಈ ಸಲ ಟ್ಯಾಂಕನ್ನೇ ಇಳಿಸುತ್ತೇನೆಂದು ಅವನು ಅದರ ಮುಚ್ಚಳ ತಿರುಗಿಸಿದ. ಒಳಗೆ ಸುಯ್ಯೆಂದು ಗಾಳಿ ನುಗ್ಗಿತು. ಅವನು ಮುಚ್ಚಳವನ್ನು ಬೆಳಕಿಗೆ ಹಿಡಿದ. "ಇದರಲ್ಲಿ ಒಂದು ಸಣ್ಣ ತೂತು ಉಂಟಲ್ವಾ? ಗಾಳಿ ಒಳಗೆ ಹೋಗ್ಲಿಕ್ಕೆ. ಅದಕ್ಕೆ ಅರಗು ಹಾಕಿದ್ದು ಯಾರು?"

ನಾನೇ. ಮಳೆನೀರು ಇಳಿಯುತ್ತದೆಂದು ಜೂನ್ ತಿಂಗಳಲ್ಲಿ ಶಾಲೆಯ ಪಾರ್ಸೆಲಿಗೆ ಹಚ್ಚುವ ಅರಗು ಕರಗಿಸಿ ಮುಚ್ಚಿದ್ದೆ. ಗಾಳಿ ಒಳಗೆ ಹೋಗದೆ ದ್ರವ ಹೊರಗೆ ಬಾರದು. ಎಂಟನೆಯ ತರಗತಿಗೆ ಪ್ರತಿವರ್ಷ ಸೀಮೆಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೆದು ಇದನ್ನೇ ತೋರಿಸಿ ಕೊಡುತ್ತಿದ್ದೆ. ಉದ್ಯಾವರದಲ್ಲಿ ಆ ಮುಚ್ಚಳವನ್ನು ಒಮ್ಮೆ ತಿರುಗಿಸಿದ್ದರೆ ಸಾಕಿತ್ತು.

ಇದಿನಬ್ಬ ಮೊಳೆಯಿಂದ ಅರಗನ್ನು ಕೆರೆದು ತೆಗೆದ. ನನ್ನ ಮುಖ ನೋಡಿ ಏನೋ ಅರ್ಥವಾಗಿರಬೇಕು. "ನಾನು ಮೊದ್ಲೇ ನೋಡ್ಬೇಕಿತ್ತು" ಎಂದ. ಅವನೂ ತಪ್ಪನ್ನು ತನ್ನ ಮೇಲೆ ಹಾಕಿಕೊಂಡ. ಅದನ್ನೂ ನಾನು ಬೇಡವೆನ್ನಲಿಲ್ಲ.

ಹದಿಮೂರನೆಯ ದಿನ ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಗಿರಿಜಕ್ಕ ಮನೆಗೇ ಬಂದು ಕರೆದರು. ಹೇಳಿಬಿಡಬೇಕೆಂದು ಗಟ್ಟಿ ಮಾಡಿಕೊಂಡೇ ಹೋದೆ. ಬಂದವರಿಗೆಲ್ಲ ಅವರು, "ಕಷ್ಟಕಾಲಕ್ಕೆ ನಮ್ಮ ಮಾಷ್ಟ್ರು ಆದ ಹಾಗೆ ಯಾರೂ ಆಗ್ಲಿಕ್ಕಿಲ್ಲ" ಎಂದು ಹೇಳುತ್ತ, ನನ್ನನ್ನು ಮೊದಲ ಎಲೆಯ ಮುಂದೆ ಕೂರಿಸಿದರು. ಪಾಯಸ ಬಂತು. ಹೇಳಲೆಂದೇ ಬಾಯಿ ತೆರೆದೆ. ನಾನು ಇನ್ನೂ ಸ್ವಲ್ಪ ಕೇಳುತ್ತಿದ್ದೇನೆಂದು ತಿಳಿದು ಅವರು ಇನ್ನೊಂದು ಸೌಟು ಬಡಿಸಿದರು. ನಾನು ಅದನ್ನೂ ಉಂಡೆ.