ಅಟ್ಟಣೆಯ ಮೇಲಿನ ಪುಕ್ಕಟೆ ಇಂಟರ್‌ನೆಟ್ಟು

ಪುಕ್ಕಟೆ ಸಿಗುವ ಪದಾರ್ಥ ಅಂದರೆ ನನಗೆ ಮೊದಲಿನಿಂದಲೂ ಪ್ರೀತಿ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ತಾಳವಾಡಿ ಸಂತೆಯಲ್ಲಿ ಬದನೆಕಾಯಿ ತೂಗಿಸಿದ ಮೇಲೆ ಎರಡು ಕೊಸರು ಹಾಕಿಸಿಕೊಳ್ಳದೆ ನನ್ನ ಕಾಲು ಅಲ್ಲಿಂದ ಕದಲುವುದಿಲ್ಲ. ಹೂವಿನವಳು ಮೊಳ ಅಳೆದ ಮೇಲೆ ಒಂದು ಗೇಣು ಹೆಚ್ಚಿಗೆ ಕತ್ತರಿಸಲೇಬೇಕು. ಒಂದು ಸಲ ಸತ್ಯಮಂಗಲದಲ್ಲಿ ಹಲ್ಲು ಕೀಳಿಸಿಕೊಂಡಾಗ, ಪಕ್ಕದ್ದೂ ಸ್ವಲ್ಪ ಅಲ್ಲಾಡುತ್ತದೆ, ಅದನ್ನೂ ಇದರ ಲೆಕ್ಕದಲ್ಲೇ ಕಿತ್ತುಬಿಡಿ ಅಂದೆ. ಡಾಕ್ಟರು ನಗುತ್ತಾ ಕಿತ್ತೇಬಿಟ್ಟರು. ಆಮೇಲೆ ಗೊತ್ತಾಯಿತು, ಅದು ಚೆನ್ನಾಗಿದ್ದ ಹಲ್ಲು. ಇಂಥ ನಾನು, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಎಮ್ಮೆ ಹಿಂದೆ ಹೋದವಳು, ಈ ವಯಸ್ಸಿನಲ್ಲಿ ಪುಕ್ಕಟೆ ಇಂಟರ್‌ನೆಟ್ಟು ಹುಡುಕಿಕೊಂಡು ಊರೆಲ್ಲ ಅಲೆದೆ ಅಂದರೆ ಅದಕ್ಕೆ ಕಾರಣ ನನ್ನ ಮೊಮ್ಮಗಳು ಜ್ಯೋತಿ.

ಜ್ಯೋತಿ ಪ್ಲಸ್ ಟು ಪರೀಕ್ಷೆ ಬರೆದಿದ್ದಳು. ನರ್ಸ್ ಆಗಬೇಕು ಅಂತ ಚಿಕ್ಕಂದಿನಿಂದ ಅವಳಿಗೆ ಆಸೆ. ನಮ್ಮ ಕರುಗಳಿಗೆಲ್ಲ ಬಟ್ಟೆ ಕಟ್ಟಿ ಕಟ್ಟಿ, ಅವಳನ್ನು ಕಂಡರೆ ಅವು ಓಡುತ್ತಿದ್ದವು. ಆದರೆ ಕೆಮಿಸ್ಟ್ರಿ ಪರೀಕ್ಷೆಯ ದಿನ ಹುಡುಗಿಗೆ ಮೈ ಕಾದ ಹಂಚಿನ ಹಾಗೆ ಜ್ವರ. ಏನು ಬರೆದಳೋ ಅವಳಿಗೇ ನೆನಪಿಲ್ಲ. ಅವತ್ತಿನಿಂದ ಮನೆಯಲ್ಲಿ ಅವಳ ಬಾಯಿ ನಿಂತುಹೋಯಿತು. ರೇಡಿಯೋಗೆ ಸರಿಸಮನಾಗಿ ಮಾತಾಡುತ್ತಿದ್ದವಳು ಮುದ್ದೆ ಮುಂದೆ ಕೂತು ಬೆರಳಲ್ಲಿ ಗುಳಿ ತೋಡುತ್ತಾ ಇದ್ದುಬಿಡುತ್ತಿದ್ದಳು. ಆ ಒಂದು ವಿಷಯ ಹೋದರೆ ನರ್ಸಿಂಗೂ ಹೋಯಿತು. ನನಗೆ ನರ್ಸಿಂಗಿಗಿಂತ ಅವಳ ಮಾತು ವಾಪಸು ಬಂದರೆ ಸಾಕು ಅನ್ನಿಸಿತ್ತು.

ರಿಸಲ್ಟು ಮೊದಲು ಬರುವುದು ಇಂಟರ್‌ನೆಟ್ಟಿನಲ್ಲಂತೆ. ಸರಿ, ತಾಳವಾಡಿಯಲ್ಲಿ ಕಂಪ್ಯೂಟರ್ ಅಂಗಡಿ ಒಂದಿತ್ತಲ್ಲ, ವಿಚಾರಿಸೋಣ ಅಂತ ಹೋದೆ. ಅಂಗಡಿಯವನು ಗಂಟೆಗೆ ಇಷ್ಟು ಅಂತ ಹೇಳಿದ. ನಾನು ವಾಡಿಕೆಯಂತೆ, “ಒಂದು ಗಂಟೆಗೆ ಕೊಸರು ಎಷ್ಟು ನಿಮಿಷ ಕೊಡ್ತೀಯಪ್ಪ?” ಅಂದೆ. ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ.

“ಯಾವೂರಜ್ಜಿ ನಿಂದು?”

“ಗುಮಟಾಪುರ.”

“ಅದೇ ಅನ್ಕಂಡೆ. ಸಗಣಿಲಿ ಒಡೆದಾಡೋ ಊರ್ನೋರ್ಗೆ ಇಂಟರ್‌ನೆಟ್ ಯಾತಕ್ಕಜ್ಜಿ?”

“ದೀಪಾವಳಿ ಆದ್ಮೇಲೆ ನಮ್ಮೂರ ಸಗಣಿ ಹಬ್ಬಕ್ಕೆ ಒಂದ್ಸಲ ಬಾ ಮಗ, ನಿಂಗೂ ಒಂದುಂಡೆ ಕೊಸರು ಕೊಟ್ಟು ಕಳುಗ್ಸ್ತೀನಿ,” ಅಂದು ಬಂದೆ.

ಮನೆಗೆ ಬಂದರೆ ಜ್ಯೋತಿ ಕಣ್ಣು ತುಂಬಿಕೊಂಡಳು. “ಅಲ್ಲಿಗೆ ಮಾತ್ರ ಬ್ಯಾಡ ಕಣಜ್ಜಿ. ಅವನು ಅಂಗಡಿ ಮುಂದೆ ನಿಂತಿರೋರ್ಗೆಲ್ಲ ಕೇಳೋ ಅಂಗೆ ಮಾರ್ಕು ಕೂಗ್ತಾನೆ. ಫೇಲಾದೋರ ಎಸ್ರನ್ನ ಇನ್ನೂ ಜೋರಾಗಿ ಕೂಗ್ತಾನೆ. ನಂದೇನಿದ್ರೂ ಯಾರ್ಗೂ ಗೊತ್ತಾಗ್ಬಾರ್ದು.” ಸತ್ಯಮಂಗಲಕ್ಕೆ ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ ನಿಜ. ಆದರೆ ದಿಂಬಂ ಘಾಟಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ವಾಂತಿ ಮಾಡುವುದರಲ್ಲಿ ನಾನೂ ಮೊಮ್ಮಗಳೂ ಒಂದೇ ವಂಶದವರು.

ಆಗ ನನ್ನ ಮಗ ಮಾದೇಶ, ಜ್ಯೋತಿಯ ಅಪ್ಪ, ತರಕಾರಿ ಟೆಂಪೋ ಓಡಿಸುವವನು, ಒಂದು ಒಳ್ಳೆಯ ಸುದ್ದಿ ತಂದ. ಅವನ ಫೋನಿಗೆ ಹೊಸ ಸಿಮ್ಮು ಹಾಕಿಸಿದ್ದ. ಅದರ ಜೊತೆ ಒಂದು ತಿಂಗಳು ನೆಟ್ಟು ಪುಕ್ಕಟೆ! ಪುಕ್ಕಟೆ ಅಂದ ಕೂಡಲೇ ನನ್ನ ಮಂಡಿನೋವು ಅರ್ಧ ಇಳಿಯಿತು. ಆದರೆ ಅದಕ್ಕೊಂದು ತಕರಾರು. ತಮಿಳುನಾಡಿನ ಟವರು ಸಿಕ್ಕಿದರೆ ಮಾತ್ರ ಪುಕ್ಕಟೆ. ಕರ್ನಾಟಕದ ಟವರು ಹಿಡಿದರೆ ರೋಮಿಂಗು ಅಂತ ಇದ್ದ ದುಡ್ಡೆಲ್ಲ ನುಂಗಿಹಾಕುತ್ತದೆ. ನಮ್ಮೂರು, ತಾಳವಾಡಿ ಎಲ್ಲ ತಮಿಳುನಾಡಿಗೆ ಸೇರಿದ್ದೇ, ಆದರೆ ನಮ್ಮದೋ ಕರ್ನಾಟಕದ ಗಡಿಯ ಅಂಚಿನ ಮನೆ. ಕೊಟ್ಟಿಗೆಯಲ್ಲಿ ನಿಂತರೆ ಫೋನು ಟಿಣ್ ಅನ್ನುತ್ತಿತ್ತು. ಜ್ಯೋತಿ ನೋಡಿ, “ಕರ್ನಾಟಕಕ್ಕೆ ಸ್ವಾಗತ ಅಂತದೆ ಅಜ್ಜಿ,” ಅನ್ನುತ್ತಿದ್ದಳು. ನಾನು ಮದುವೆಯಾಗಿ ಬಂದಾಗಿನಿಂದ ಸಗಣಿ ಬಾಚುತ್ತಿರುವ ಕೊಟ್ಟಿಗೆಗೆ ನನ್ನನ್ನೇ ಸ್ವಾಗತ ಮಾಡುವುದಕ್ಕೆ ಇದು ಯಾರು? ತಿಪ್ಪೆಯ ಹತ್ತಿರ ಹೋದರೆ ತಮಿಳುನಾಡು. ಸರಿ ಅಂತ ತಿಪ್ಪೆಯ ಮೇಲೇ ಹತ್ತಿ ನಿಂತರೆ, ಒಂದು ಗಾಳಿ ಬೀಸುವಷ್ಟರಲ್ಲಿ ಮತ್ತೆ ಕರ್ನಾಟಕ. ದೀಪ ಹಿಡಿದು ಕಳೆದುಹೋದ ಮೂಗುತಿ ಹುಡುಕುವವರ ಹಾಗೆ ನಾವಿಬ್ಬರೂ ಫೋನು ಹಿಡಿದು ಹಿತ್ತಿಲೆಲ್ಲ ಸುತ್ತಿದೆವು. ಟವರು ಮಾತ್ರ ಒಂದು ಕಡೆಯೂ ನಿಲ್ಲಲಿಲ್ಲ.

ನಮ್ಮ ಯಜಮಾನರು ಜಗಲಿ ಮೇಲೆ ಎಲೆ ಅಡಿಕೆ ಹಾಕಿಕೊಂಡು ಇದನ್ನೆಲ್ಲ ನೋಡುತ್ತಿದ್ದರು. ಕೊನೆಗೆ ಉಗಿದು ಬಂದು ಹೇಳಿದರು: “ಅಲ್ಲ ಕಣೆ, ನಾನು ಬಾಳೆ ಕಾಯೋಕೆ ಅಟ್ಟಣೆ ಅತ್ತಿ ಕುಂತಾಗ ತಾಳವಾಡಿ ಟವರಿನ ಕೆಂಪು ದೀಪ ಕಣ್ಣಿಗೆ ಒಡೀತದೆ. ನಂಗೆ ಕಾಣೋದು ಫೋನಿಗೆ ಕಾಣಾಕಿಲ್ವಾ?”

ಜೀವಮಾನದಲ್ಲಿ ಅವರು ಆಡಿದ ಒಂದೇ ಒಂದು ಉಪಯೋಗದ ಮಾತು ಅದು. ಜ್ಯೋತಿ ಹೊಲಕ್ಕೆ ಓಡಿ, ಹುಣಸೆ ಮರದ ಮೇಲಿನ ಅಟ್ಟಣೆ ಹತ್ತಿ ನೋಡಿದರೆ ಗಟ್ಟಿ ತಮಿಳುನಾಡು, ಅಲ್ಲಾಡದ ತಮಿಳುನಾಡು!

ರಿಸಲ್ಟಿನ ಬೆಳಿಗ್ಗೆ ಮಾದೇಶ ಫೋನು ಮನೆಯಲ್ಲೇ ಬಿಟ್ಟು ಟೆಂಪೋ ಹತ್ತಿದ. ಜ್ಯೋತಿ ಅಟ್ಟಣೆಯ ಏಣಿಯ ಬುಡದಲ್ಲಿ ನಿಂತುಬಿಟ್ಟಳು. “ನಾನೊಬ್ಳೇ ನೋಡಾಕಿಲ್ಲ ಅಜ್ಜಿ, ಎದೆ ಒಡ್ಕೊತದೆ. ನೀನೂ ಬಾ.” ನಾನು ಮರ ಹತ್ತಿ ಎಷ್ಟೋ ವರ್ಷವಾಗಿತ್ತು, ಮೈಯೂ ಆಗಿನ ಮೈಯಲ್ಲ. ಯಜಮಾನರು ಕೆಳಗೆ ಏಣಿ ಹಿಡಿದುಕೊಂಡು ಪ್ರತಿ ಮೆಟ್ಟಿಲಿಗೂ “ಮುರೀತು, ಮುರೀತು” ಅಂತ ಧೈರ್ಯ ಹೇಳಿದರು. ಅಂತೂ ಹತ್ತಿ, ಆನೆ ಓಡಿಸಲು ಕಟ್ಟಿದ್ದ ತಗಡಿನ ಡಬ್ಬದ ಪಕ್ಕದಲ್ಲಿ ಕುಕ್ಕರಿಸಿದೆ.

ಜ್ಯೋತಿ ತನ್ನ ಪರೀಕ್ಷೆಯ ನಂಬರು ಒತ್ತಿದಳು. ಫೋನಿನಲ್ಲಿ ಒಂದು ನೀಲಿ ಗೆರೆ, ಭತ್ತ ಹೇರಿದ ಗಾಡಿ ಏರು ಹತ್ತುವ ಹಾಗೆ, ಹೊರಟಿತು. ಅರ್ಧಕ್ಕೆ ನಿಂತಿತು. ನಾನು ನಮ್ಮ ಬೀರೇಶ್ವರನಿಗೆ ಹಣ್ಣುಕಾಯಿ ಹೇಳಿಕೊಂಡೆ, ಮತ್ತೆ ಹೊರಟಿತು. ಪುಟ ಬಿಚ್ಚಿಕೊಳ್ಳುತ್ತಿದ್ದಂತೆ ಹುಡುಗಿ ಫೋನನ್ನು ನನ್ನ ಕೈಗೆ ತುರುಕಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

“ನೀನೇ ನೋಡಜ್ಜಿ.”

“ನಂಗೆ ಇಂಗ್ಲೀಷು ಎಲ್ಲಿ ಬತ್ತದವ್ವ?”

“ಸಾಲಿನ ಕೊನೇಲಿ ಒಂದು ಕಡ್ಡಿ ಇರ್ತದೆ. ಅದ್ಕೆ ಮೇಲೆ ಗುಂಡಗೆ ತಲೆ ಇದ್ರೆ ಪಾಸು.”

ನಾನು ಫೋನನ್ನು ಮೂಗಿಗೆ ತಾಗಿಸಿಕೊಂಡು ನೋಡಿದೆ. ಮೊದಲನೇ ಸಾಲು, ಕಡ್ಡಿಗೆ ತಲೆ ಇದೆ. ಎರಡನೆಯದಕ್ಕೂ ಇದೆ. ಬೆರಳು ತಾಗಿ ಪುಟ ಮೇಲಕ್ಕೆ ಹಾರಿತು, ಮತ್ತೆ ಕೆಳಗೆಳೆದು ತಂದೆ. ಕಣ್ಣು ಒರೆಸಿಕೊಂಡು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದೆ.

“ಎಲ್ಲಾ ಕಡ್ಡಿಗೂ ತಲೆ ಅದೆ ಕಣವ್ವ!”

ಜ್ಯೋತಿ ಫೋನು ಕಿತ್ತುಕೊಂಡು ನೋಡಿದಳು. ಅತ್ತಳು, ನಕ್ಕಳು, ನನ್ನ ಕುತ್ತಿಗೆಗೆ ಜೋತುಬಿದ್ದಳು. ಅಷ್ಟು ದಿನ ಎದೆಯ ಮೇಲೆ ಕೂತಿದ್ದ ಬೀಸೋಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು ನನಗೆ. ಸಂತೋಷ ಉಕ್ಕಿ ಬಂದಾಗ ಕೈ ಸುಮ್ಮನಿರುವುದಿಲ್ಲ ನೋಡಿ. ಪಕ್ಕದಲ್ಲಿ ಡಬ್ಬ ಇತ್ತು, ಡಬ್ಬದ ಮೇಲೆ ಕೋಲಿತ್ತು. ಎತ್ತಿಕೊಂಡು ಬಡಿದೆ. ಢಣಢಣ, ಢಣಢಣ, ತೋಳು ಸೋಲುವವರೆಗೂ ಬಡಿದೆ.

ನಮ್ಮ ಕಡೆ ಅಟ್ಟಣೆಯ ಮೇಲಿಂದ ಡಬ್ಬದ ಸದ್ದು ಬಂದರೆ ಅದಕ್ಕೆ ಒಂದೇ ಅರ್ಥ. ಯಾರ ಹೊಲವಾದರೂ ಸರಿ, ಕೈಲಿದ್ದದ್ದು ಬಿಟ್ಟು ಓಡಿಬರಬೇಕು. ಅದರಲ್ಲೂ ಹಗಲು ಹೊತ್ತಿನಲ್ಲಿ ಬಂದ ಆನೆ ಅಂದರೆ ಕೇಳಬೇಕೆ? ನನಗೆ ಅದು ಜ್ಞಾಪಕಕ್ಕೆ ಬರುವಷ್ಟರಲ್ಲಿ ಪಕ್ಕದ ಹೊಲದ ಕೆಂಪಣ್ಣ ಪಟಾಕಿ ಸರ ಹಿಡಿದು, ಲುಂಗಿ ಎತ್ತಿ ಕಟ್ಟಿ ಬೇಲಿ ಹಾರಿದ. ಅವನ ಹಿಂದೆ ಕೊಳ್ಳಿ, ತಮಟೆ, ನಾಯಿ, ಅರ್ಧ ಊರು.

“ಎತ್ತಗೋಯ್ತು? ಒಂಟಿನಾ, ಇಂಡಾ?” ಅಂತ ಕೆಂಪಣ್ಣ ಏದುಸಿರು ಬಿಟ್ಟ.

ಯಜಮಾನರು ಏಣಿ ಬಿಡದೆ ನಿಧಾನವಾಗಿ ಹೇಳಿದರು: “ಒಂದೇಯ. ಅಗೋ, ಅಟ್ಟಣೆ ಮ್ಯಾಲೆ ಕುಂತದೆ. ಮರೀನೂ ಜತೇಲೇ ಅದೆ. ಇಳ್ಸೋದು ಎಂಗೆ ಅಂತ ನೀನೇ ಯೋಳ್ಲಾ.”

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಯಾರಿಗೂ ಗೊತ್ತಾಗಬಾರದು ಅಂದಿದ್ದ ಹುಡುಗಿಯ ಮುಂದೆ ಊರನ್ನೇ ತಂದು ನಿಲ್ಲಿಸಿದ್ದೆನಲ್ಲ. ಹೆದರುತ್ತಾ ತಿರುಗಿದರೆ, ಜ್ಯೋತಿ ಅಟ್ಟಣೆಯ ತುದಿಗೆ ಬಂದು ನಿಂತು, ಆ ಅಂಗಡಿಯವನಿಗಿಂತ ಜೋರಾಗಿ ಒಂದೊಂದೇ ವಿಷಯದ ಮಾರ್ಕನ್ನು ಕೂಗಿ ಹೇಳುತ್ತಿದ್ದಳು. ಕೆಮಿಸ್ಟ್ರಿಯನ್ನು ಎರಡು ಸಲ ಕೂಗಿದಳು. ಅವಳ ಬಾಯಿ ವಾಪಸು ಬಂದಿತ್ತು.

ಕೆಂಪಣ್ಣ ತಲೆ ಕೆರೆದುಕೊಂಡ. “ಅಲ್ಲ ಕಣಕ್ಕ, ಉಳುಮೆ ಬುಟ್ಟು ಬಂದಿವ್ನಿ. ತಂದ ಪಟಾಕಿಯ ವಾಪಸ್ ಒತ್ಕೊಂಡೋಗ್ಲಾ?” ಅಂದವನೇ ಸರಕ್ಕೆ ಕಡ್ಡಿ ಗೀರಿದ. ಆ ಸದ್ದಿನಲ್ಲಿ ನಾನು ಇನ್ನೂ ಮೇಲೆಯೇ ಇದ್ದೆ ಅನ್ನುವುದನ್ನು ಯಾರೂ ಗಮನಿಸಲಿಲ್ಲ. ಆಮೇಲೆ ಬಾವಿಹಗ್ಗ ಕಟ್ಟಿ ಇಳಿಸಿದರು. ಆ ವಿಷಯ ಬೇಡ.

ಜ್ಯೋತಿ ಈಗ ಕೋಯಮತ್ತೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಊರಿನ ಹುಡುಗರೆಲ್ಲ ನೆಟ್ಟಿಗೆ ನಮ್ಮ ಅಟ್ಟಣೆಗೇ ಬರುತ್ತಾರೆ. ದುಡ್ಡು ಕೇಳುವುದಿಲ್ಲ, ಮೇಲೆ ಕೂತಷ್ಟು ಹೊತ್ತು ಬಾಳೆಗೆ ಬರುವ ಕೋತಿ ಓಡಿಸಬೇಕು ಅಂತ ಮಾತ್ರ ಕೊಸರು ಇಟ್ಟಿದ್ದೇನೆ.

ಮೊನ್ನೆ ಮುಸ್ಸಂಜೆಯಲ್ಲಿ ನಿಜವಾದ ಆನೆಯೇ ಬಂತು. ಕೆಳಗೆ ನಿಂತು ಇನ್ನೊಂದು ಡಬ್ಬ ಪ್ರಾಣ ಹೋಗುವ ಹಾಗೆ ಬಡಿದೆ. ಎಷ್ಟೋ ಹೊತ್ತಾದ ಮೇಲೆ ಕೆಂಪಣ್ಣ ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ನಗುನಗುತ್ತಾ ಬಂದ. “ಈ ಸಲ ಯಾರಕ್ಕ ಪಾಸಾಗಿರಾದು?” ಅಷ್ಟರಲ್ಲಿ ಆನೆ ಒಂದು ಸಾಲು ಬಾಳೆ ಮುಗಿಸಿತ್ತು. ಹೊರಟಿದ್ದು, ಬೇಲಿಯ ಹತ್ತಿರ ನಿಂತು ನನ್ನ ಕಡೆ ಒಂದು ಸಲ ನೋಡಿ, ಇನ್ನೆರಡು ಗಿಡ ಕಿತ್ತುಕೊಂಡು ನಡೆಯಿತು.

ಕೊಸರು. ನಾನು ಏನು ತಾನೇ ಹೇಳಲಿ?