ಲೊರೇನಳ ಪಾಲಿನ ಬರ್ಗರ್

ವೆಂಡೆಲ್ ಕ್ರಾಫ್ ತೆಪ್ಪಗೆ ಸ್ಯಾಂಡ್‌ವಿಚ್ ತಿಂದು ಎದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಯಾರೂ ಕೇಳದಿದ್ದರೂ, "ನಾನಿನ್ನೂ ಬಟನ್ ಹೌಸ್ ಬರ್ಗರ್ ತಿಂದೇ ಇಲ್ಲ" ಎಂದುಬಿಟ್ಟ. ಡೇಟನ್ನಿನ ಆ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಇದ್ದಕ್ಕಿದ್ದಂತೆ ಎಲ್ಲರ ದವಡೆ ನಿಂತಿತು.

"ಈ ಊರಿಗೆ ಬಂದು ವರ್ಷ ಆಗ್ತಾ ಬಂತು, ಅದಿನ್ನೇನು ತಿಂದ್ಕೊಂಡಿದ್ಯೋ ಮಾರಾಯ?" ಎಂದಳು ಸ್ಟೋರಿನ ಡಾಟ್. ಕಾರ್ಖಾನೆಯಲ್ಲಿ ಯಾರ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ಅವಳಿಗೆ ಗೊತ್ತಿಲ್ಲದೆ ಇರುತ್ತಿರಲಿಲ್ಲ. ವೆಂಡೆಲ್‌ನ ಒಲೆ ಮಾತ್ರ ಹಚ್ಚುವುದೇ ಅಪರೂಪವಾದ್ದರಿಂದ ಅವಳಿಗೂ ಸುದ್ದಿ ಸಿಕ್ಕಿರಲಿಲ್ಲ. ನೆಬ್ರಾಸ್ಕಾದಿಂದ ಬಂದಾಗಿನಿಂದ ಅವನು ಟೀವಿಯ ಎದುರು, ನಿಂತುಕೊಂಡೇ ಊಟ ಮಾಡುತ್ತಿದ್ದ. ಕೂತರೆ ಎದುರಿನ ಖಾಲಿ ಕುರ್ಚಿ ಕಣ್ಣಿಗೆ ಬೀಳುತ್ತಿತ್ತು.

ಅವತ್ತೇ ಹೋಗಿ ತಿನ್ನುವುದೆಂದು ತೀರ್ಮಾನಿಸಿದ. ಅದು ಪ್ರೇಮಿಗಳ ದಿನವೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಹೊರಟ. ಜೋಡಿಗಳೆಲ್ಲ ದೊಡ್ಡ ಹೋಟೆಲುಗಳಲ್ಲಿ ಇರುತ್ತಾರೆ, ಪ್ಲಾಸ್ಟಿಕ್ ಕುರ್ಚಿಯ ಬರ್ಗರ್ ಅಂಗಡಿಗೆ ಆ ಸಂಜೆ ಯಾರು ಬರುತ್ತಾರೆ ಎಂಬುದು ಅವನ ಲೆಕ್ಕಾಚಾರ. ಡೇಟನ್ನಿನಲ್ಲಿ ಹುಟ್ಟಿದವರು ಯಾರೂ ಹೀಗೆ ಲೆಕ್ಕ ಹಾಕುತ್ತಿರಲಿಲ್ಲ.

ಬಾಗಿಲು ತಳ್ಳಿದರೆ ಒಳಗೆ ಮದುವೆಮನೆ! ಪ್ಲಾಸ್ಟಿಕ್ ಮೇಜುಗಳಿಗೆಲ್ಲ ಕೆಂಪು ಬಟ್ಟೆ, ಮೇಲೆ ಬ್ಯಾಟರಿ ಮೇಣದಬತ್ತಿ, ಮೇಜಿಗೊಂದು ಜೋಡಿ. ಕತ್ತಿಗೆ ಬೋ ಟೈ ಕಟ್ಟಿಕೊಂಡ, ಅಂಗಡಿಯಲ್ಲಿ ಬಡಿಸುವ ಹಿರಿಯ ಹೆಂಗಸು ರೋಶೆಲ್ ಎದುರು ಬಂದು ನಿಂತಳು.

"ಯಾವ ಹೆಸರಲ್ಲಿ ಮೇಜು ಬುಕ್ ಮಾಡಿದ್ದೀಯ, ಚಿನ್ನ?"

"ಬುಕ್ ಮಾಡ್ಬೇಕಾ? ಬರ್ಗರ್ ಅಂಗಡೀಲಿ?"

"ಜನ ತಿಂಗಳ ಮುಂಚೆ ಬುಕ್ ಮಾಡ್ತಾರಪ್ಪ! ನಿನ್ನ ಪುಣ್ಯ, ಒಂದು ಜೋಡಿ ಈಗ ತಾನೇ ಕಾರಲ್ಲಿ ಜಗಳ ಆಡ್ಕೊಂಡು ವಾಪಸ್ ಹೋಯ್ತು. ನೀನೊಬ್ಬನೇನಾ?"

ಅವಳ ಗಂಟಲು ದೊಡ್ಡದು. ಅಂಗಡಿಗೆ ಅಂಗಡಿಯೇ ತಿರುಗಿ ನೋಡಿತು. ಆ ಕಣ್ಣುಗಳಲ್ಲಿದ್ದ ಅಯ್ಯೋ ಪಾಪವನ್ನು ವೆಂಡೆಲ್‌ಗೆ ತಡೆದುಕೊಳ್ಳಲಾಗಲಿಲ್ಲ.

"ಇಲ್ಲ, ಇಬ್ಬರು. ಅವಳು... ಬರ್ತಾಳೆ."

ಕೂತವನು ಎರಡು ಬಟನ್ ಬರ್ಗರ್ ಕೇಳಿದ. ರೋಶೆಲ್ ನಕ್ಕುಬಿಟ್ಟಳು. "ಎರಡು ನಮ್ಮ ಬೆಕ್ಕಿಗೂ ಸಾಲಲ್ಲ. ಒಬ್ಬೊಬ್ಬರಿಗೆ ಒಂದೊಂದು ಚೀಲ, ಚೀಲಕ್ಕೆ ಹತ್ತು." ಎರಡು ಚೀಲ ಬಂತು. ಹಬೆಯಲ್ಲಿ ಬೆಂದ ಈರುಳ್ಳಿಯ ಘಮ ಮೂಗಿಗೆ ಅಡರಿತು. ಅವನು ಕೈ ಹಾಕಿದ್ದೇ ತಡ, ರೋಶೆಲ್ ಚೀಲಗಳನ್ನು ಎಳೆದುಕೊಂಡಳು. "ಹುಡುಗಿ ಬರೋಕ್ ಮುಂಚೆ ತಿಂತೀಯಾ? ನಿಮ್ಮಮ್ಮ ಇದನ್ನೇ ಕಲಿಸಿದ್ದಾ?"

"ಲೇ ಆರ್ಲೋ, ನೋಡೋ, ನಮ್ಮ ವೆಂಡೆಲ್!" ಪಕ್ಕದ ಮೇಜಿನಿಂದ ಕೂಗು ಬಂತು. ಡಾಟ್, ಜೊತೆಗೆ ಅವಳ ಗಂಡ ಆರ್ಲೋ. "ಎದುರು ಎರಡನೇ ತಟ್ಟೆ ಇದೆಯಲ್ಲೋ! ಯಾರೋ ಅವಳು?"

"ಲೊರೇನ್," ಎಂದ. ತೀರಿಕೊಂಡ ಚಿಕ್ಕಮ್ಮನ ಹೆಸರು. ಅವನಿಗೆ ಗೊತ್ತಿದ್ದ ಹೆಂಗಸರ ಹೆಸರುಗಳೇ ಕಡಿಮೆ. "ನರ್ಸು. ಡ್ಯೂಟಿ ಮುಗಿಸ್ಕೊಂಡು ಬರ್ತಾಳೆ."

ಅಲ್ಲಿಂದ ಇಡೀ ಅಂಗಡಿ ಲೊರೇನಳಿಗೆ ಕಾಯತೊಡಗಿತು. ಬಾಗಿಲು ಕಿರ್ ಎಂದಾಗೆಲ್ಲ ಎಲ್ಲರ ಕತ್ತೂ ತಿರುಗುತ್ತಿತ್ತು. ಯಾರೋ ಅವಳಿಗೆಂದು ಆಲೂಗಡ್ಡೆ ಚಿಪ್ಸ್ ಕಳಿಸಿದರು. ಮೂಲೆಯ ಮುದುಕನೊಬ್ಬ, "ಆಸೆ ಬಿಡ್ಬೇಡ ಕಣೋ, ನನ್ನವಳು ಮದುವೆಗೇ ತಡವಾಗಿ ಬಂದ್ಲು" ಎಂದು ಸಮಾಧಾನ ಹೇಳಿದ. ಬರ್ಗರು ಆರುತ್ತಿತ್ತು, ವೆಂಡೆಲ್‌ನ ಹೊಟ್ಟೆ ಚುರುಗುಟ್ಟುತ್ತಿತ್ತು.

ಕೊನೆಗೆ ತಡೆಯಲಾರದೆ, ಯಾರೂ ಕರೆ ಮಾಡದ ಫೋನನ್ನು ಕಿವಿಗಿಟ್ಟುಕೊಂಡ. "ಹಲೋ, ಲೊರೇನ್? ಬಿಡಲ್ವಂತಾ? ಹೋಗ್ಲಿ ಬಿಡು. ನೀನು ಏನಾದ್ರೂ ತಿಂದ್ಯಾ?" ಎಂದ. ಆ ಒಂದು ಮಾತನ್ನು ಡೇಟನ್ನಿನಲ್ಲಿ ಅವನನ್ನು ಯಾರೂ ಕೇಳಿರಲಿಲ್ಲ.

"ಕೊಡಪ್ಪ ಇಲ್ಲಿ, ನಾನೂ ಎರಡು ಮಾತಾಡ್ತೀನಿ," ಎಂದು ಆರ್ಲೋ ಕೈ ಚಾಚಿದ.

"ಕಟ್ಟಾಯ್ತು!" ಎಂದು ವೆಂಡೆಲ್ ಫೋನನ್ನು ಜೇಬಿಗೆ ತುರುಕಿದ.

ಅಂಗಡಿಯೆಲ್ಲ ಉಸ್ಸೆಂದಿತು. ರೋಶೆಲ್ ಕಣ್ಣೊರೆಸಿಕೊಂಡು ಅವನ ಚೀಲ ಮುಂದಿಟ್ಟಳು. ಅಂಗೈಯಲ್ಲಿ ಹಿಡಿಸುವ ಚೌಕದ ಬರ್ಗರು, ಮೆತ್ತನೆಯ ಬನ್ನು, ಮಧ್ಯೆ ಹುಳಿ ಸೌತೆಕಾಯಿಯ ಒಂದು ಬಿಲ್ಲೆ. ಎರಡು ತುತ್ತಿಗೆ ಮುಗಿಯಿತು. ಆರಿದ್ದರೂ ತುಂಬಾ ಚೆನ್ನಾಗಿತ್ತು. ಚೆನ್ನಾಗಿದೆ ಅನ್ನೋಣವೆಂದು ತಲೆಯೆತ್ತಿದ. ಎದುರಿಗೆ ಕುರ್ಚಿ ಇತ್ತು.

ಡಾಟ್ ಕೋಟು ಹಾಕಿಕೊಂಡು ಬಂದು ಅವನ ಭುಜ ತಟ್ಟಿದಳು. "ಸದ್ಯ, ನನ್ನ ತಲೆ ಮೇಲಿನ ಭಾರ ಇಳೀತು ಕಣೋ. ನೀನು ಒಂಟಿ ಅಂದ್ಕೊಂಡು, ಇನ್ಮೇಲೆ ಪ್ರತಿ ಭಾನುವಾರ ನಮ್ಮನೇಲೇ ಊಟ ಮಾಡು ಅಂತ ನಾಳೆ ನಿನಗೆ ಹೇಳೋಣ ಅಂತಿದ್ವಿ. ಈಗ ನಿನಗೆ ಭಾನುವಾರ ಎಲ್ಲಿ ಪುರಸೊತ್ತು!"

"ಆಚೆ ಮನೆ ಅರ್ನಿ ಒಬ್ನೇ ಇದಾನೆ, ಅವನನ್ನ ಕರೆದ್ರಾಯ್ತು," ಎಂದ ಆರ್ಲೋ.

ವೆಂಡೆಲ್ ಬಾಯಿ ತೆರೆದ. ಅಷ್ಟರಲ್ಲಿ ರೋಶೆಲ್ ಲೊರೇನಳ ಪಾಲಿನ ಚೀಲವನ್ನು ಅವನ ಕೈಗಿಟ್ಟಳು. "ಬಿಸಿ ಮಾಡಿ ಕೊಡಪ್ಪ. ನಾವೆಲ್ಲ ಕೇಳಿದ್ವಿ ಅಂತ ಹೇಳು."

ಅಂಗಡಿಯವರೆಲ್ಲ ಚಪ್ಪಾಳೆ ತಟ್ಟಿದರು.

"ಹೇಳ್ತೀನಿ," ಎಂದ ವೆಂಡೆಲ್.